ಮಂದಿ ಕೂಸು

ನಾಗೇಂದ್ರಪ್ಪನ ಬಲಗಾಲಿನ ಮೇಲೆ ಫರಸಿ ಕಲ್ಲಿನ ಚಪ್ಪಡಿ ಬಿದ್ದು ಎರಡು ಬೆರಳು ಹೋದ ಮೇಲೆ ಆ ಮನೆಯಲ್ಲಿ ಯಾರಿಗೂ ಕೂತಲ್ಲಿ ಕೂಡಲು ಆಗಲಿಲ್ಲ. ಇಪ್ಪತ್ತು ವರ್ಷ ಶಹಾಬಾದಿನ ಖಣಿಯಲ್ಲಿ ಕಲ್ಲು ಸೀಳಿದ ಮನುಷ್ಯ ಈಗ ಹಗಲೆಲ್ಲ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, ಬೀದಿಯಲ್ಲಿ ಹೋಗುವ ಬಂಡಿಗಳನ್ನು ನೋಡುತ್ತ, ಯಾವ ಬಂಡಿಯಲ್ಲಿ ಯಾವ ಖಣಿಯ ಕಲ್ಲು ಎಂದು ಗೋಡೆಗೆ ಹೇಳುತ್ತಿದ್ದ. ಅವನ ತಾಯಿ ಶಿವಕಾಂತಮ್ಮ ಲಿಂಗಪೂಜೆಗೆ ಕೂತವಳು ನಡುವೆಯೇ ಎದ್ದು ಒಲೆಯ ಮೇಲಿನ ಬೇಳೆ ನೋಡಿ ಬರುತ್ತಿದ್ದಳು. ಹದಿನೈದು ವರ್ಷದ ಮಗಳು ವಿಮಲಾ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದಳು. ಆ ಬೇಸಿಗೆಯಲ್ಲಿ ನಡೆಯಬೇಕಿದ್ದ ಅವಳ ಮದುವೆಯ ಮಾತು ಅಪ್ಪನ ಕಾಲಿನ ಜೊತೆಯೇ ಕುಂಟಾಗಿ ಕೂತಿತ್ತು.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ಅದು ಐದನೆಯ ಬೇಸಿಗೆ. ಒಂದು ಸಂಜೆ ಊಟಕ್ಕೆ ಕೂತಾಗ ಹೆಂಡತಿ ಅಮೃತಮ್ಮ ಎಲ್ಲರ ತಾಟಿಗೆ ರೊಟ್ಟಿ ಹಾಕಿ, ಪುಂಡಿಪಲ್ಯ ಬಡಿಸಿ, ತಾನು ಕೂಡುವ ಮೊದಲೇ ಹೇಳಿದಳು.

“ನಾಳಿಂದ ನಾನು ಖಣಿಗಿ ಹೋಗ್ತೀನಿ. ದೇವಿಂದ್ರಪ್ಪ ಮುಕಾದಮ್ ಬಾ ಅಂದಾನ. ಕಲ್ಲಿನ ಚೂರು ಹೊರೋ ಕೆಲಸ.”

ಶಿವಕಾಂತಮ್ಮ ಬಾಯಿಗೆ ಒಯ್ದ ತುತ್ತನ್ನು ತಾಟಿಗಿಟ್ಟಳು. “ನಮ್ಮ ಮನಿ ಹೆಣ್ಮಕ್ಕಳು ಯಾರೂ ಖಣಿ ಮೆಟ್ಟಿಲ್ಲ.”

“ನಮ್ಮ ಮನಿ ಗಂಡಸರ ಕಾಲ್ಮ್ಯಾಲ ಕಲ್ಲೂ ಬಿದ್ದಿದ್ದಿಲ್ಲರಿ ಅತ್ತಿ.”

ನಾಗೇಂದ್ರಪ್ಪ ರೊಟ್ಟಿಯನ್ನು ಮುರಿದ, ಮತ್ತೆ ಮುರಿದ, ತಿನ್ನಲಿಲ್ಲ. ಆಮೇಲೆ ಕೇಳಿದ. “ಕೂಸು?”

“ವಿಮಲಿ ಅದಾಳಲ್ಲ.”

ಕೂಸು ಎಂದರೆ ಗುರುಲಿಂಗ, ಎಂಟು ತಿಂಗಳವನು. ಎರಡು ಹೆಣ್ಣು ಕೂಸು ತೀರಿಹೋದ ಮೇಲೆ ಹುಟ್ಟಿದ ಗಂಡು. ಅವನನ್ನು ಎತ್ತಿಕೊಂಡು ಆಡಿಸುವುದು ವಿಮಲಾಗೆ ಗೊತ್ತಿತ್ತು. ಬೆಳಗಿನಿಂದ ಸಂಜೆಯ ತನಕ ನೋಡಿಕೊಳ್ಳುವುದು ಬೇರೆಯೇ ಕೆಲಸ ಎಂಬುದು ಮಾರನೆಯ ದಿನ ಗೊತ್ತಾಯಿತು. ತಾಯಿ ಬುಟ್ಟಿ ಹೊತ್ತು ತಿರುವು ದಾಟುವ ಮೊದಲೇ ಅವನು ಅಳತೊಡಗಿದ. ಮೇಕೆಯ ಹಾಲು ಉಗುಳಿದ. ತೊಟ್ಟಿಲಲ್ಲಿ ಹಾಕಿದರೆ ಬಿಲ್ಲಿನಂತೆ ಬಾಗಿದ. ಮಧ್ಯಾಹ್ನದ ಹೊತ್ತಿಗೆ ವಿಮಲಾ ಕೂಡ ಅವನ ಜೊತೆ ಅಳುತ್ತಿದ್ದಳು. ಒಳಗಿನಿಂದ ಅಪ್ಪ, “ಅದರ ಬಾಯಿ ಮುಚ್ಚಸ್ತೀಯೋ ಇಲ್ಲೋ!” ಎಂದು ಕೂಗಿದ. ಅಜ್ಜಿ, “ಕೂಸಿಗಿ ಬಾಯಿ ಕೊಟ್ಟಾಂವ ಶಿವ, ನೀ ಯಾರು ಮುಚ್ಚಸಾಕ?” ಎಂದು ಅವನಿಗೆ ತಿರುಗಿ ಕೂಗಿದಳು.

ಆಗ ಪಕ್ಕದ ಮನೆಯ ಇಮಾಮ್ಬೀ ಗೋಡೆ ಹಿಡಿದುಕೊಂಡು ಬಂದಳು. ಅರವತ್ತು ದಾಟಿದ ಹೆಂಗಸು. ಪೊಲೀಸ್ ಆ್ಯಕ್ಷನ್ನಿನ ಗದ್ದಲದ ದಿನಗಳಲ್ಲಿ ಗಂಡನನ್ನು ಕಳೆದುಕೊಂಡಿದ್ದಳು. ಆಗ ಎಂಟು ದಿನ ಇದೇ ಮನೆಯ ಒಳಕೋಣೆಯಲ್ಲಿ ಶಿವಕಾಂತಮ್ಮ ಅವಳನ್ನು ಇಟ್ಟುಕೊಂಡಿದ್ದಳು. ಆಮೇಲಿನಿಂದ ಖಣಿಗೆ ಹೋಗುವ ಹೆಂಗಸರ ಕೂಸುಗಳನ್ನು ನೋಡಿಕೊಂಡು ಅವಳ ಹೊಟ್ಟೆಪಾಡು ನಡೆಯುತ್ತಿತ್ತು. ಈಗ ಎರಡೂ ಕಣ್ಣಿಗೆ ಮೋತಿಬಿಂದಿನ ಪೊರೆ.

“ಕೊಡಿಲ್ಲಿ ಬೇಟಿ.” ಅವಳು ಗುರುಲಿಂಗನನ್ನು ತನ್ನ ಮುಂಗೈಯ ಮೇಲೆ ಬೋರಲು ಮಲಗಿಸಿಕೊಂಡು, ಬೆನ್ನು ನೀವುತ್ತ ನಾಲ್ಕು ಹೆಜ್ಜೆ ಹಾಕಿದಳು. ಅವನು ದೊಡ್ಡದಾಗಿ ತೇಗಿ ಸುಮ್ಮನಾದ.

“ಹೊಟ್ಟ್ಯಾಗ ಗಾಳಿ ಹಿಡಿದಿತ್ತು, ಅಷ್ಟೇ. ನೀ ಹೆದರಿದ್ರ ಕೂಸಿಗಿ ತಿಳೀತದ. ನಾಳಿ ಇವನ್ನ ತಗೊಂಡು ನಮ್ಮ ಮನಿಗಿ ಬಾ. ಹತ್ತು ದಿನ ನನ್ನ ಸಂಗಟ ಕೂಡು. ನಾ ವಾಡಿಗಿ ಹೋದ್ಮ್ಯಾಲ ಈ ಕೆಲಸ ನೀನೇ ಮಾಡಬಹುದು.”

ಅವಳ ಮಗ ಅಮೀರ್ ಅಲಿ ವಾಡಿ ಜಂಕ್ಷನ್ನಿನಲ್ಲಿ ಕೆಲಸಕ್ಕಿದ್ದ. ಕಣ್ಣಿನ ಆಪರೇಶನ್ ಮಾಡಿಸಲು ತಾಯಿಯನ್ನು ಕರೆದೊಯ್ಯುವವನಿದ್ದ.

ಈ ಮಾತಿಗೆ ಮನೆಯಲ್ಲಿ ದೊಡ್ಡ ಜಗಳವಾಯಿತು.

“ಮಂದಿ ಕೂಸಿನ ಹೇಲು ಬಳಿಯೋ ಹುಡುಗೀನ ಯಾರು ಮನಿ ತುಂಬಸ್ಕೊಳ್ತಾರ?” ಎಂದಳು ಶಿವಕಾಂತಮ್ಮ. “ಒಂದು ಕೂಸಿಗಿ ಏನರೆ ಹೆಚ್ಚುಕಡಿಮಿ ಆತಂದ್ರ ನಮ್ಮ ಹೊಸ್ತಿಲಕ್ಕ ಬರ್ತದ.”

“ಇವನ್ನ ನೋಡಾಕತ್ತಾಳ, ಇನ್ನ ನಾಲ್ಕು ನೋಡಿದ್ರ ಕೈ ಸವೀತದೇನ್ರಿ?” ಎಂದಳು ಅಮೃತಮ್ಮ. ಕಲ್ಲಿನ ಧೂಳಿನಿಂದ ಅವಳ ಧ್ವನಿ ಒಡೆದಿತ್ತು. “ವಾರಕ್ಕ ಒಬ್ಬೊಬ್ಬರು ಒಂದೊಂದು ಸೇರು ಜೋಳ ಕೊಡ್ತಾರಂತ. ನಿಜಾಮನ ಹಾಲಿ ಸಿಕ್ಕಾ ನಡೀತದೋ ಸರ್ಕಾರದ ಕಲ್ದಾರ್ ರೂಪಾಯಿ ನಡೀತದೋ, ಜೋಳ ಅಂತೂ ಎಲ್ಲಾ ಕಡಿ ನಡೀತದ.”

“ಒಲಿ ಮನಿಯೊಳಗ ಯಾವ ಕೂಸೂ ಬರಬಾರದು ಮತ್ತ.”

“ಕೂಸಿಗಿ ಯಾವ ಒಲಿಮನಿ ಅವ್ವಾ,” ಎಂದ ನಾಗೇಂದ್ರಪ್ಪ. ಆ ಜಗಳದಲ್ಲಿ ಅವನು ಆಡಿದ ಮಾತು ಅದೊಂದೇ.

ಹತ್ತು ದಿನ ವಿಮಲಾ ತಮ್ಮನನ್ನು ಬಗಲಲ್ಲಿ ಹೊತ್ತು ಇಮಾಮ್ಬೀಯ ಮನೆಗೆ ಹೋದಳು. ಅಲ್ಲಿ ನಾಲ್ಕು ಕೂಸುಗಳು: ಎಲ್ಲರೂ ನೂರಿ ಎಂದು ಕರೆಯುವ, ಚಾಂದಬೀಯ ಹತ್ತು ತಿಂಗಳ ಮಗಳು ನೂರಜಹಾನ್, ಲಲಿತಾಬಾಯಿಯ ಅವಳಿ ಗಂಡುಮಕ್ಕಳು, ಭಂಕೂರದ ಕಡೆಯಿಂದ ಬರುವ ಸುಂದರಬಾಯಿಯ ಮೂರು ತಿಂಗಳ ಕೂಸು. ಕಣ್ಣು ಕಾಣದಿದ್ದರೂ ಇಮಾಮ್ಬೀ ಅಳು ಕೇಳಿಯೇ ಯಾವುದು ಯಾರದು, ಯಾಕೆ ಎಂದು ಹೇಳುತ್ತಿದ್ದಳು.

“ಹಸಿವಿನ ಅಳು ಸಣ್ಣಗ ಶುರುವಾಗಿ ಏರ್ತದ. ಹೊಟ್ಟಿನೋವು ಒಮ್ಮೆಲೇ ಏರ್ತದ, ಕಾಲು ಹೊಟ್ಟಿಗಿ ಎಳಕೊಳ್ತದ. ನಿದ್ದಿ ಬಂದಿದ್ರ ಕಿವಿ ಹಿಡ್ಕೊಂಡು ಅಳ್ತದ. ಕೇಳು, ಈಗ ಯಾವ ಅಳು?”

“ಹಸಿವೇನ್ರಿ ಖಾಲಾ?”

“ನಿದ್ದಿ. ಮತ್ತ ಕೇಳು.”

ನೀರಿನ ಕೊಡದ ಬಾಯಿ ಮುಚ್ಚಿಡುವುದು, ನೆಲದ ಮೇಲೆ ಜೋಳದ ಕಾಳೊಂದು ಬಿದ್ದರೂ ಆರಿಸುವುದು, ಒಂದು ಕೂಸನ್ನು ತೊಳೆಯುವಾಗ ಉಳಿದವುಗಳಿಗೆ ಬೆನ್ನು ಹಾಕದಿರುವುದು, ಬೆಳಿಗ್ಗೆ ತಾಯಂದಿರು ಕೂಸು ಒಪ್ಪಿಸುವಾಗ ರಾತ್ರಿಯಿಂದ ಏನೇನು ಹೊಟ್ಟೆಗೆ ಹೋಗಿದೆ ಎಂದು ಕೇಳಿಯೇ ಕೈಗೆತ್ತಿಕೊಳ್ಳುವುದು. ವಿಮಲಾ ಎಲ್ಲ ಕಲಿತಳು. ಐದನೆಯ ದಿನ ಮೂರು ಅಳುಗಳನ್ನು ಸರಿಯಾಗಿ ಹೇಳಿದಾಗ ಇಮಾಮ್ಬೀ ಅವಳ ಮುಖವನ್ನು ಎರಡೂ ಕೈಯಿಂದ ತಡವಿ ಬೆರಳ ನೆಟಿಗೆ ಮುರಿದು ದೃಷ್ಟಿ ತೆಗೆದಳು.

ಕೊನೆಯ ದಿನ ಮುದುಕಿ ಒಂದು ಸಣ್ಣ ತಗಡಿನ ಡಬ್ಬಿ ತೆಗೆದಳು. ಒಳಗೆ ಕರಿ ಅಂಟಿನಂಥ ಒಂದು ಉಂಡೆ.

“ಅಫೀಮು. ಎಲ್ಲಾ ತಾಯಂದಿರಿಗೂ ಗೊತ್ತದ. ತಡಕೊಳ್ಳಾಕ ಆಗದಿದ್ರ ಮಾತ್ರ, ಸಾಸಿವಿ ಕಾಳಿಗಿಂತ ಸಣ್ಣದು, ಹಾಲಿನಾಗ. ಮೂರು ತಿಂಗಳದಕ್ಕ ಬ್ಯಾಡ.”

“ನೀವು ದಿನಾ ಕೊಡ್ತಿದ್ರೇನ್ರಿ ಖಾಲಾ?”

“ನಂಗ ಕಣ್ಣು ಕಾಣಲ್ಲ ಬೇಟಿ. ನಾಲ್ಕು ಕೂಸು ನಾಲ್ಕು ದಿಕ್ಕಿಗಿ ಹರದು ಹೋದ್ರ ನಾ ಏನ್ ಮಾಡಲಿ?”

ಮರುದಿನ ಅಮೀರ್ ಅಲಿ ಬಂದು ತಾಯಿಯನ್ನು ವಾಡಿಯ ಗಾಡಿಗೆ ಹತ್ತಿಸಿಕೊಂಡು ಹೋದ. ಕೂಸುಗಳು ನಾಗೇಂದ್ರಪ್ಪನ ಪಡಸಾಲೆಗೆ ಬಂದವು.

ಮೊದಲ ವಾರ ಮನೆಯಲ್ಲಿ ಯಾರೂ ಸಮಾಧಾನದಿಂದ ಒಂದು ಬಟ್ಟಲು ಚಹಾ ಕುಡಿಯಲಿಲ್ಲ. ಅವಳಿಗಳಲ್ಲಿ ಒಂದು ಮಲಗಿದರೆ ಇನ್ನೊಂದು ಏಳುತ್ತಿತ್ತು. ನೂರಿಗೆ ಹಲ್ಲು ಬರುತ್ತಿತ್ತು. ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿದ್ದಳು, ನಾಗೇಂದ್ರಪ್ಪನ ಕಾಲಿನ ಪಟ್ಟಿಯನ್ನೂ. ಶಿವಕಾಂತಮ್ಮ ಒಲೆಮನೆಯ ಹೊಸ್ತಿಲಿಗೆ ಮಣೆ ಅಡ್ಡ ಇಟ್ಟಳು. ಗುರುಲಿಂಗ ಅದನ್ನು ದಾಟಿದ, ಅವನ ಹಿಂದೆ ನೂರಿಯೂ ದಾಟಿ ಹಿಟ್ಟಿನ ಬುಟ್ಟಿಯಲ್ಲಿ ಕೈ ಹಾಕಿದಳು.

“ಹೋಯ್ತು, ಮಡಿ ಹೋಯ್ತು, ಹಿಟ್ಟೂ ಹೋಯ್ತು!” ಎಂದು ಅಜ್ಜಿ ಎದೆ ಬಡಿದುಕೊಂಡಳು. ಆದರೆ ಹಿಟ್ಟು ಚೆಲ್ಲಲಿಲ್ಲ. ಅದೇ ಹಿಟ್ಟಿನಲ್ಲಿ ರೊಟ್ಟಿ ಬಡಿದಳು.

“ಇದು ಮನಿಯೋ ಸಂತಿಯೋ?” ನಾಗೇಂದ್ರಪ್ಪ ಗೋಡೆ ಹಿಡಿದು ಎದ್ದು ನಿಂತ. “ಎಲ್ಲರೆ ಹೋಗ್ತೀನಿ ನಾ.”

“ಎಲ್ಲಿಗಿ ಹೋಗ್ತಿ? ಹೋಗು ನೋಡೂಣು,” ಎಂದಳು ತಾಯಿ. ಅವನು ಬಾಗಿಲ ತನಕ ಹೋಗಿ, ಅಲ್ಲಿಯೇ ಕುಸಿದು ಕೂತ.

ಆ ಮಧ್ಯಾಹ್ನ ವಿಮಲಾ ಡಬ್ಬಿ ತೆಗೆದಳು. ನೂರಿಗೆ ಮತ್ತು ಅವಳಿಗಳಿಗೆ ಕೊಟ್ಟಳು. ಅರ್ಧ ತಾಸಿನಲ್ಲಿ ಮೂರೂ ಕೂಸು ಮಲಗಿದವು. ಮನೆ ಎಷ್ಟು ಶಾಂತವಾಯಿತೆಂದರೆ ಬೀದಿಯ ಬಂಡಿಯ ಎತ್ತಿನ ಗೆಜ್ಜೆ ಕೇಳಿಸಿತು. ನಾಗೇಂದ್ರಪ್ಪ ಎರಡು ತಿಂಗಳಲ್ಲಿ ಮೊದಲ ಸಲ ಹಗಲು ನಿದ್ದೆ ಮಾಡಿದ. ಶಿವಕಾಂತಮ್ಮ ನಡುವೆ ಏಳದೆ ಪೂಜೆ ಮುಗಿಸಿದಳು. ಯಾರೂ ಏನೂ ಕೇಳಲಿಲ್ಲ.

ಆಮೇಲೆ ದಿನವೂ ಹಾಗೆಯೇ ಆಯಿತು. ತಾಯಂದಿರಿಗೂ ಬೇಡವಾಗಿರಲಿಲ್ಲ. “ಅಳಾಕತ್ತದಂತ ನಡುವ ಕರಸಬ್ಯಾಡ ತಂಗಿ, ಮುಕಾದಮ್ ಅರ್ಧ ದಿನದ ಕೂಲಿ ಕಟ್ ಮಾಡ್ತಾನ,” ಎಂದು ಲಲಿತಾಬಾಯಿಯೇ ಹೇಳಿದ್ದಳು.

ಅಮೃತಮ್ಮ ಮಾತ್ರ ಮೊದಲ ವಾರವೇ ಮಗಳನ್ನು ಬಚ್ಚಲ ಹತ್ತಿರ ಕರೆದು ಮೆಲ್ಲಗೆ ಕೇಳಿದ್ದಳು. “ಗುರುಲಿಂಗಗ ಕೊಟ್ಟಿಲ್ಲಲ್ಲ?”

“ಇಲ್ಲ ಅವ್ವಾ.”

“ಅವಗ ಕೊಡಬ್ಯಾಡ.”

ಒಳಗಿದ್ದ ಅಜ್ಜಿಯ ಕಿವಿಗೆ ಅದು ಬಿತ್ತು. ಹೊರಗೆ ಬಂದು ಸೊಸೆಯ ಮುಂದೆ ನಿಂತಳು. “ನಿನ್ನ ಮಗಗ ಬ್ಯಾಡ, ಮಂದಿ ಕೂಸಿಗಿ ಬೇಕೇನು?”

“ಅವರ ತಾಯಂದಿರೇ ಕೊಡು ಅಂತಾರ. ನಾ ಯಾರು ಬ್ಯಾಡ ಅನ್ನಾಕ?”

“ನೀನೂ ಒಬ್ಬಾಕಿ ತಾಯಿ, ಅದಕ್ಕ ಕೇಳಾಕತ್ತೀನಿ.”

“ಹಂಗಾದ್ರ ನೀವ್ ನೋಡ್ಕೊಳ್ರಿ ಅತ್ತಿ! ಐದು ಕೂಸು ನೀವ್ ನೋಡ್ಕೊಳ್ರಿ, ನಿಮ್ಮ ಮೊಮ್ಮಗಳು ಸುಮ್ಮ ಕೂಡ್ಲಿ!” ಅಮೃತಮ್ಮ ತಲೆಯ ಮೇಲಿನ ಸಿಂಬಿಯನ್ನು ನೆಲಕ್ಕೆ ಎಸೆದಳು. ಶಿವಕಾಂತಮ್ಮ ಒಳಗೆ ಹೋದಳು. ಆ ದಿನ ಅತ್ತೆ ಸೊಸೆ ಬೇರೆ ಬೇರೆ ಹೊತ್ತಿಗೆ ಉಂಡರು.

ವಿಮಲಾ ಆ ಮಾತನ್ನು ಮರೆಯಲು ನೋಡಿದಳು, ಆಗಲಿಲ್ಲ. ಗುರುಲಿಂಗ ಗೋಡೆ ಹಿಡಿದು ನಿಲ್ಲತೊಡಗಿದ್ದ. ಅವನಿಗಿಂತ ಎರಡು ತಿಂಗಳು ದೊಡ್ಡವಳಾದ ನೂರಿ ಕೂತಲ್ಲೇ ತೂಗುತ್ತಿದ್ದಳು. ಒಂದು ಸಂಜೆ ಮಗಳನ್ನು ಎತ್ತಿಕೊಳ್ಳುತ್ತ ಚಾಂದಬೀ ಅವನನ್ನು ನೋಡಿ ನಕ್ಕಳು. “ನಿಮ್ಮಾಂವ ಭಾಳ ಆಡ್ತಾನಲ್ಲ! ನಮ್ಮಾಕಿ ಮನಿಗಿ ಬಂದ್ರೂ ಎದಿ ಹಿಡೀವಲ್ಲಳು. ನಿದ್ದಿನೇ ನಿದ್ದಿ.” ಆ ನಗುವಿನಲ್ಲಿ ಅನುಮಾನವೇನೂ ಇರಲಿಲ್ಲ. ವಿಮಲಾ ಒಳಗೆ ಹೋಗಿ ಡಬ್ಬಿಯನ್ನು ಗೋಡೆಯ ಮಾಡದೊಳಗೆ ಹಿಂದಕ್ಕೆ ಸರಿಸಿದಳು. ಮರುದಿನ ಮಧ್ಯಾಹ್ನ ಅವಳಿಗಳು ಒಟ್ಟಿಗೇ ಕಿರುಚಿದಾಗ ಮತ್ತೆ ತೆಗೆದಳು.

ಮೃಗಶಿರಾ ಹತ್ತಿರ ಬಂದರೂ ಮಳೆ ಬಂದಿರಲಿಲ್ಲ. ಕಲ್ಲಿನ ಊರು ಕಾದ ಹೆಂಚಿನಂತಿತ್ತು. ಅಂಥ ಒಂದು ದಿನ ಚಾಂದಬೀ ತಡವಾಗಿ ಓಡುತ್ತ ಬಂದು ನೂರಿಯನ್ನು ಪಡಸಾಲೆಯಲ್ಲಿಟ್ಟು, “ಹೊತ್ತಾತು ಹೊತ್ತಾತು” ಎನ್ನುತ್ತ ಹಾಗೆಯೇ ಓಡಿದಳು. ವಿಮಲಾ ಏನೂ ಕೇಳಲಿಲ್ಲ. ಕೂಸು ಬೆಳಿಗ್ಗೆಯಿಂದಲೇ ಸಪ್ಪಗಿತ್ತು. ನಡುಹಗಲಿಗೆ ಹಲ್ಲಿನ ನೋವಿಗೆ ಒಮ್ಮೆ ನರಳಿತು. ವಿಮಲಾ ಹಾಲಿನಲ್ಲಿ ಎಂದಿನಷ್ಟೇ ಕೊಟ್ಟಳು.

ಒಂದು ತಾಸಿನ ಮೇಲೆ ಅಜ್ಜಿ ಬಟ್ಟೆ ಮಡಚುತ್ತ ಆ ಕಡೆ ಬಂದವಳು ನಿಂತಳು. ಬಾಗಿ ಕೂಸಿನ ಮೂಗಿನ ಹತ್ತಿರ ಕೈ ಹಿಡಿದಳು.

“ವಿಮಲಿ. ಇಕಿಗಿ ಎಷ್ಟ್ ಹೊತ್ತಾತು ಮಲಗಿ?”

ನೂರಿಯ ತುಟಿ ನೀಲಿಯಾಗಿತ್ತು. ಎತ್ತಿದರೆ ಕುತ್ತಿಗೆ ಹಿಂದಕ್ಕೆ ಬಿತ್ತು. ಉಸಿರು ಒಂದು ಬಂದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯಬೇಕಾಗಿತ್ತು. ಶಿವಕಾಂತಮ್ಮ ಅವಳ ಅಂಗಾಲಿಗೆ ಫಟಫಟನೆ ಹೊಡೆದಳು, ಮುಖಕ್ಕೆ ತಣ್ಣೀರು ಚಿಮುಕಿಸಿದಳು. ಕಣ್ಣು ತೆರೆಯಲಿಲ್ಲ.

“ದವಾಖಾನಿಗಿ ಒಯ್ಯಿ! ನಿಂತು ಏನ್ ನೋಡ್ತಿ!”

ಅಷ್ಟರಲ್ಲಿ ನಾಗೇಂದ್ರಪ್ಪ ಗೋಡೆ ಹಿಡಿಯದೆ ಎದ್ದಿದ್ದ. ಕೂಸನ್ನು ತಾಯಿಯ ಕೈಯಿಂದ ಕಿತ್ತುಕೊಂಡು ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟಿದ. ಚಪ್ಪಲಿ ಹಾಕಿಕೊಳ್ಳಲಿಲ್ಲ. ಕಾದ ಫರಸಿಯ ಮೇಲೆ ಕುಂಟುತ್ತ, ಹಾರುತ್ತ, ಅರ್ಧ ಮೈಲು ನಡೆದ. ವಿಮಲಾ ಹಿಂದೆ ಓಡುತ್ತ, “ನೂರಿ, ನೂರಿ, ಏಳ, ನೂರಿ” ಎಂದು ಕೂಸಿನ ಕೆನ್ನೆ ತಟ್ಟುತ್ತ ಹೋದಳು. ಅಪ್ಪನ ಕಾಲಿನ ಪಟ್ಟಿ ಬಿಚ್ಚಿ ಧೂಳಿನಲ್ಲಿ ಎಳೆಯುತ್ತಿತ್ತು. ಅದಕ್ಕೆ ರಕ್ತ ಹತ್ತಿತ್ತು.

ದವಾಖಾನೆಯಲ್ಲಿ ಡಾಕ್ಟರು ಊಟಕ್ಕೆ ಏಳುವವರಿದ್ದರು. ಕೂಸನ್ನು ಮೇಜಿನ ಮೇಲೆ ಮಲಗಿಸಿ, “ಏನಾತು?” ಎಂದರು.

“ಬಿಸಿಲು ಬಡದದರಿ ಸಾಹೇಬ್ರ,” ಎಂದ ನಾಗೇಂದ್ರಪ್ಪ. ಅವನು ಮಗಳ ಕಡೆ ನೋಡಲಿಲ್ಲ. ಅವಳಿಗೆ ಅರ್ಥವಾಯಿತು. ನಿಜ ಹೇಳಿದರೆ ಪೊಲೀಸರು. ಪೊಲೀಸರೆಂದರೆ ಮದುವೆಯೂ ಇಲ್ಲ, ಮರ್ಯಾದೆಯೂ ಇಲ್ಲ.

ಡಾಕ್ಟರು ಹಣೆ ಮುಟ್ಟಿ, “ಮೈ ತಣ್ಣಗದಲ್ಲ?” ಎಂದರು. ಕಂಪೌಂಡರನಿಗೆ ಒದ್ದೆ ಬಟ್ಟೆ ತರಲು ಹೇಳಿದರು.

“ಬಿಸಿಲಲ್ಲರಿ,” ಎಂದಳು ವಿಮಲಾ. ಅವಳ ಧ್ವನಿ ಅವಳಿಗೇ ಕೇಳಿಸಲಿಲ್ಲ. ಮತ್ತೆ ಹೇಳಿದಳು. “ಬಿಸಿಲಲ್ಲರಿ. ಅಫೀಮು. ನಾನೇ ಕೊಟ್ಟೀನಿ.”

ಡಾಕ್ಟರು ಕೂಸಿನ ರೆಪ್ಪೆ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಕಣ್ಣಿನ ಕರಿ ಚುಕ್ಕೆ ಸೂಜಿಯ ಮೊನೆಯಷ್ಟಾಗಿತ್ತು. ಕೊಳವೆ ತರಿಸಿದರು, ಹೊಟ್ಟೆ ತೊಳೆದರು, ಸೂಜಿ ಚುಚ್ಚಿದರು. ಕೂಸಿನ ಎದೆಯನ್ನು ತಮ್ಮ ಬೆರಳುಗಳಿಂದಲೇ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರು. ಬಾಗಿಲಲ್ಲಿ ನಿಂತ ವಿಮಲಾ ಪ್ರತಿ ಉಸಿರಿಗೂ ತನ್ನ ಉಸಿರು ಹಿಡಿದಳು.

ಚಾಂದಬೀ ಖಣಿಯಿಂದ ಓಡಿ ಬಂದಾಗ ಹೊತ್ತು ಇಳಿಯುತ್ತಿತ್ತು. ತಲೆಗೂದಲೆಲ್ಲ ಬಿಳಿ ಧೂಳು. ಆ ಹೊತ್ತಿಗೆ ನೂರಿ ಒಮ್ಮೆ ಕೆಮ್ಮಿ, ಕಣ್ಣು ಅರ್ಧ ತೆರೆದು, ಕೀರಲು ಧ್ವನಿಯಲ್ಲಿ ಅತ್ತಿದ್ದಳು.

“ಬೆಳಿಗ್ಗೆ ನೀನೂ ಕೊಟ್ಟಿದ್ದೇನಮ್ಮ?” ಡಾಕ್ಟರು ಕೇಳಿದರು.

ಚಾಂದಬೀ ಮಗಳನ್ನು ನೋಡಿದಳು, ವಿಮಲಾಳನ್ನು ನೋಡಿದಳು. “ಕೊಟ್ಟಿದ್ನಿರಿ. ರಾತ್ರಿಯೆಲ್ಲ ಹಲ್ಲಿಗಿ ಅತ್ತಾಳ. ಮನಿಯಾಗ ಎಲ್ಲರೂ ಬೈದ್ರು.”

“ಇಬ್ಬರು ಕೂಡಿ ಕೊಂದುಬಿಡ್ತಿದ್ರಿ. ನಿಜ ಹೇಳಿದ್ದಕ್ಕ ಉಳೀತು,” ಎಂದು ಅವರು ಕೈ ತೊಳೆಯಲು ಹೋದರು. ಪೊಲೀಸರ ಮಾತು ಎತ್ತಲಿಲ್ಲ.

ಚಾಂದಬೀ ವಿಮಲಾಗೆ ಒಂದು ಮಾತನ್ನೂ ಅನ್ನಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆ ಸಂಜೆ ಮನೆಯಲ್ಲಿ ಶಿವಕಾಂತಮ್ಮ ರೊಟ್ಟಿ ಬಡಿದಳು, ಯಾರೂ ಉಣ್ಣಲಿಲ್ಲ. ಅಮೃತಮ್ಮ ಗಂಡನ ಕಾಲು ತೊಳೆದು ಹೊಸ ಪಟ್ಟಿ ಕಟ್ಟುತ್ತಿದ್ದಳು. ಅಜ್ಜಿ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತಲೇ ಮಾತಾಡಿದಳು.

“ನನ್ನ ಚೊಚ್ಚಲ ಮಗಗೂ ನಾ ಕೊಟ್ಟಿದ್ನಿ. ಹೊಲದಾಗ ಕಳೆ ತೆಗಿಯೋ ದಿನ. ಬದುವಿನ ಮ್ಯಾಲ ಜೋಳಿಗಿ ಕಟ್ಟಿ ಮಲಗಿಸಿದ್ನಿ. ಸಂಜಿಕಿ ಹೋಗಿ ನೋಡಿದ್ರ ತಣ್ಣಗಾಗಿದ್ದ.”

ನಾಗೇಂದ್ರಪ್ಪ ತಲೆ ಎತ್ತಿದ. “ಜ್ವರ ಬಂದು ಹೋದ ಅಂತಿದ್ದಿ.”

“ಅಂತಿದ್ನಿ.”

ರೊಟ್ಟಿ ಸೀದ ವಾಸನೆ ಬಂದಿತು. ಅವಳು ಅದನ್ನು ತೆಗೆದು ಬುಟ್ಟಿಗೆ ಹಾಕಿದಳು. “ಗೊತ್ತಿದ್ದೂ ಈ ಮನಿಯಾಗ ಒಂದು ತಿಂಗಳು ಸುಮ್ಮ ಕೂತೀನಿ. ಮನಿ ತಣ್ಣಗದ ಅಂತ ಪೂಜಿ ಮಾಡ್ಕೋತ ಕೂತೀನಿ. ಈ ಹುಡುಗಿಗಿ ಯಾರೂ ಒಂದು ಮಾತು ಅನ್ನಬ್ಯಾಡ್ರಿ.”

ವಿಮಲಾ ಎದ್ದು ಡಬ್ಬಿಯನ್ನು ತಂದು ಎಲ್ಲರ ಮುಂದೆ ಒಲೆಗೆ ಹಾಕಿದಳು.

ಮರುದಿನ ಯಾವ ಕೂಸೂ ಬರಲಿಲ್ಲ. ಮೂರನೆಯ ದಿನವೂ ಬರಲಿಲ್ಲ. ಸುಂದರಬಾಯಿ ತನ್ನದನ್ನು ಭಂಕೂರದಲ್ಲೇ ಯಾರಲ್ಲೋ ಬಿಟ್ಟಳೆಂದು ಸುದ್ದಿ ಬಂತು. ಅಲ್ಲಿಯೂ ಅಂಥದೇ ಅಫೀಮಿನ ಡಬ್ಬಿ ಇತ್ತಂತೆ. ಪಡಸಾಲೆಯಲ್ಲಿ ಗುರುಲಿಂಗ ಒಬ್ಬನೇ ಹರಿದಾಡುತ್ತ ಒಂದೊಂದು ಮೂಲೆಗೂ ಹೋಗಿ ಹುಡುಕುತ್ತಿದ್ದ. ವಿಮಲಾ ಇನ್ನು ಯಾರ ಕೂಸನ್ನೂ ಮುಟ್ಟುವುದಿಲ್ಲ ಎಂದು ಹೇಳಿಬಿಟ್ಟಳು.

ಐದನೆಯ ದಿನ ಲಲಿತಾಬಾಯಿ ಎರಡು ಬಗಲಲ್ಲಿ ಎರಡು ಕೂಸು ಹೊತ್ತು ಬಂದು ನಿಂತಳು. “ಯಾರೂ ಇಲ್ಲ ತಂಗಿ. ನೀ ಒಲ್ಲೆ ಅಂದ್ರ ಇವನ್ನ ಕಲ್ಲಿನ ಮ್ಯಾಲ ಮಲಗಿಸಬೇಕು.”

ವಿಮಲಾ ಒಳಗಿನಿಂದ ಬಂದಳು. ಅವಳ ಮಾತು ತಡವರಿಸಿತು, ಆದರೆ ನಿಲ್ಲಲಿಲ್ಲ. “ನೋಡ್ತೀನಿ ಅಕ್ಕಾ. ಖರೆ, ನಾನೂ ಅಫೀಮು ಕೊಡಂಗಿಲ್ಲ, ನೀನೂ ಮನಿಯಾಗ ಕೊಡಬಾರದು. ಹಸಿದ್ರ ಅಳ್ತಾವ. ಮಧ್ಯಾಹ್ನ ಖಣಿಗಿ ತರ್ತೀನಿ, ಹಾಲು ಕುಡಿಸಿ ಕೊಡು.”

“ಮುಕಾದಮ್ ಬಿಡ್ತಾನೇನು!”

“ಬಿಡಲಾರದ ಏನ್ ಮಾಡ್ತಾನ,” ಎಂದಳು ಒಳಗಿನಿಂದ ಶಿವಕಾಂತಮ್ಮ.

ಆ ದಿನ ಮಧ್ಯಾಹ್ನ ಖಣಿಯ ದಾರಿಯಲ್ಲಿ ಜನ ನಿಂತು ನೋಡಿದರು. ವಿಮಲಾಳ ಬಗಲಲ್ಲಿ ಗುರುಲಿಂಗ ಮತ್ತು ಒಂದು ಅವಳಿ; ಖಣಿ ಮೆಟ್ಟದ ಮನೆತನದ ಶಿವಕಾಂತಮ್ಮನ ಬಗಲಲ್ಲಿ ಇನ್ನೊಂದು; ಹಿಂದೆ ಕೋಲೂರಿಕೊಂಡು ನಾಗೇಂದ್ರಪ್ಪ.

ಮುಕಾದಮ್ ದೇವಿಂದ್ರಪ್ಪ ಛತ್ರಿ ಹಿಡಿದುಕೊಂಡು ಬಂದ. “ಇದೇನಿದು, ಜಾತ್ರಿಯೇನು? ಕೆಲಸದ ಹೊತ್ತಿನಾಗ ಕೂಸು ತರಬ್ಯಾಡ್ರಿ.”

“ಹಾಲು ಕುಡಿಸಾಕ ಎಷ್ಟ್ ಹೊತ್ತು ಬೇಕಪ್ಪಾ?” ಶಿವಕಾಂತಮ್ಮ ಕೇಳಿದಳು. “ಅಗೋ, ಆ ಗಂಡಸರು ಕುಂತು ಬೀಡಿ ಸೇದಾಕತ್ತಾರ. ಅವರದು ಸೇದಿ ಮುಗಿಯೋದ್ರೊಳಗ ಇವರದೂ ಮುಗೀತದ. ಬೀಡಿಗಿ ಕೂಲಿ ಕಟ್ ಮಾಡ್ತೀಯೇನು?”

ಕಲ್ಲಿನ ಗುಡ್ಡೆಯ ಹಿಂದೆ ಯಾರೋ ಹೆಂಗಸು ನಕ್ಕಳು. ಮುಕಾದಮ್ ನಾಗೇಂದ್ರಪ್ಪನ ಕಡೆ ತಿರುಗಿದ. “ನೀನರೆ ಹೇಳೋ.”

“ಇಪ್ಪತ್ತು ವರ್ಷ ನಿನಗ ಕಲ್ಲು ಸೀಳೀನಿ ದೇವಿಂದ್ರಪ್ಪಣ್ಣ. ಬೆರಳೂ ಇಲ್ಲೇ ಬಿಟ್ಟೀನಿ. ಏನೂ ಕೇಳಿಲ್ಲ. ಇದೊಂದು ಕೇಳ್ತೀನಿ.”

ದೇವಿಂದ್ರಪ್ಪ ಅವನ ಪಟ್ಟಿಯನ್ನು ನೋಡಿದ, ಬಾಯಲ್ಲಿನ ಎಲೆ ಉಗುಳಿದ. “ಲಗೂನ ಮುಗಸ್ರಿ,” ಎಂದು ಬೆನ್ನು ತಿರುಗಿಸಿ ಹೋದ. ಕೂಲಿ ಕಡಿತ ಮಾಡುವುದಿಲ್ಲ ಎಂದೇನೂ ಅನ್ನಲಿಲ್ಲ. ವಾರದ ಕೊನೆಗೆ ಕಡಿತ ಮಾಡಲೂ ಇಲ್ಲ.

ಅಮೃತಮ್ಮ ಬುಟ್ಟಿ ಇಳಿಸಿ, ಧೂಳಿನ ಕೈಯನ್ನು ಸೀರೆಗೆ ಒರೆಸಿಕೊಂಡು ಮಗನನ್ನು ತೆಗೆದುಕೊಂಡಳು. ಸ್ವಲ್ಪ ದೂರದ ಬೇವಿನ ಮರಕ್ಕೆ ಒಂದು ಜೋಳಿಗೆ ಕಟ್ಟಿತ್ತು. ಅದರಲ್ಲಿ ನೂರಿ ಇದ್ದಳು. ಚಾಂದಬೀ ಮಗಳನ್ನು ತನ್ನ ಜೊತೆಗೇ ತರುತ್ತಿದ್ದಳು. ವಿಮಲಾ ಅತ್ತ ಎರಡು ಹೆಜ್ಜೆ ಇಟ್ಟಳು. ಚಾಂದಬೀ ಬಂದು ಜೋಳಿಗೆಯ ಮುಂದೆ ನಿಂತಳು. ವಿಮಲಾ ಹಿಂದಕ್ಕೆ ಬಂದಳು.

ಹಾಗೆ ಎರಡು ವಾರ ಕಳೆಯಿತು. ಅಫೀಮಿಲ್ಲದ ಅವಳಿಗಳು ಮೊದಲ ನಾಲ್ಕು ದಿನ ಕಿರುಚಿ ಮನೆ ಹಾರಿಸಿದವು. ನಾಗೇಂದ್ರಪ್ಪ ಒಂದನ್ನು ಹೊಟ್ಟೆಯ ಮೇಲೆ ಹಾಕಿಕೊಂಡು, ಯಾವ ಬಂಡಿಯಲ್ಲಿ ಯಾವ ಖಣಿಯ ಕಲ್ಲು ಎಂದು ಅದಕ್ಕೆ ಹೇಳತೊಡಗಿದ. ಒಲೆಮನೆಯ ಮಣೆಯನ್ನು ಯಾರು ತೆಗೆದರೋ ಗೊತ್ತಾಗಲಿಲ್ಲ.

ಒಂದು ದಿನ ಇಮಾಮ್ಬೀ ವಾಡಿಯಿಂದ ಬಂದಳು. ಒಂದು ಕಣ್ಣಿನ ಪಟ್ಟಿ ಬಿಚ್ಚಿದ್ದರು, ಇನ್ನೊಂದರ ಮೇಲೆ ಹಾಗೆಯೇ ಇತ್ತು. ಸುದ್ದಿ ಅವಳಿಗೆ ಸ್ಟೇಶನ್ನಿನಲ್ಲೇ ಮುಟ್ಟಿತ್ತು.

“ನಂದೇ ತಪ್ಪು ಅಂತಾರಂತ ಮಂದಿ,” ಎಂದಳು ಬಾಗಿಲಲ್ಲೇ ನಿಂತು. “ನಲ್ವತ್ತು ಕೂಸು ನೋಡೀನಿ ನಾ. ಎಲ್ಲಾ ಬದುಕಿ ದೊಡ್ಡವಾಗ್ಯಾವ.”

“ಎಲ್ಲಾ ಏನ್ರಿ ಖಾಲಾ?” ವಿಮಲಾ ಮೆಲ್ಲಗೆ ಕೇಳಿದಳು.

ಇಮಾಮ್ಬೀ ತೆರೆದ ಕಣ್ಣಿನಿಂದ ಅವಳನ್ನೇ ನೋಡಿದಳು. “ನೀ ಹಿಂಗದಿ ಅಂತ ಇವತ್ತ ಕಂಡೀನಿ ನೋಡು,” ಎಂದು ಹೇಳಿ ಕೂತಳು. ಶಿವಕಾಂತಮ್ಮ ಅವಳಿಗೆ ಚಹಾ ಕೊಟ್ಟಳು. ಎದ್ದು ಹೋಗುವಾಗ ಇಮಾಮ್ಬೀ ನೇರ ಚಾಂದಬೀಯ ಮನೆಯ ಕಡೆಗೆ ನಡೆದಳು. ಅಲ್ಲಿ ಏನು ಮಾತಾಯಿತೋ ಯಾರಿಗೂ ಹೇಳಲಿಲ್ಲ.

ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಚಾಂದಬೀ ನಿಂತಿದ್ದಳು. ಬೇವಿನ ಮರದ ಕೆಳಗೆಲ್ಲ ನೀರು ನಿಂತಿತ್ತು.

“ಇವತ್ತೊಂದಿನ,” ಎಂದಳು. “ನೋಡ್ತೀನಿ.”

“ರಾತ್ರಿಯಿಂದ ಏನೇನು ತಿಂದಾಳ?” ವಿಮಲಾ ಕೈ ಚಾಚದೆ ಕೇಳಿದಳು.

“ಎದಿಹಾಲು. ಬೆಳಿಗ್ಗೆ ನುಚ್ಚಿನ ಗಂಜಿ. ಬ್ಯಾರೆ ಏನಿಲ್ಲ.”

“ಬ್ಯಾರೆ ಏನಿಲ್ಲಲ್ಲ?”

“ಅಲ್ಲಾನ ಆಣಿ, ಏನಿಲ್ಲ.”

ಆಮೇಲೆ ವಿಮಲಾ ನೂರಿಯನ್ನು ತೆಗೆದುಕೊಂಡಳು.

ಆ ಮಧ್ಯಾಹ್ನ ಖಣಿಯಲ್ಲಿ ಚಾಂದಬೀ ಮಗಳನ್ನು ಕೈಗೆತ್ತಿಕೊಂಡವಳೇ ಸೂರ್ಯನ ಕಡೆ ತಿರುಗಿಸಿ ರೆಪ್ಪೆ ಬಿಡಿಸಿ ನೋಡಿದಳು. ಬಾಯಿಯ ವಾಸನೆ ನೋಡಿದಳು. ಅಂಗಾಲಿಗೆ ಚಿವುಟಿದಳು. ನೂರಿ ಅತ್ತ ಮೇಲೆ ಎದೆಗೆ ಹಾಕಿಕೊಂಡಳು. ಉಳಿದ ಹೆಂಗಸರು ನೋಡುತ್ತಿದ್ದರು. ವಿಮಲಾ ಅಲ್ಲಿಯೇ ನಿಂತಿದ್ದಳು, ಮುಖ ತಿರುಗಿಸಲಿಲ್ಲ.

ಮರುದಿನವೂ ಚಾಂದಬೀ ಹಾಗೆಯೇ ನೋಡಿದಳು. ಅದರ ಮರುದಿನವೂ. ಅಮೃತಮ್ಮನಿಗೆ ತಡೆಯಲಾಗದೆ, “ದಿನಾ ಹಂಗ ಪರೀಕ್ಷಾ ಮಾಡಿದ್ರ ಹುಡುಗಿ ಮನಸ್ಸಿಗಿ ಏನನ್ನಸ್ತದ?” ಎಂದು ಒಮ್ಮೆ ಜಗಳಕ್ಕೆ ಹೋದಳು. ವಿಮಲಾಳೇ ಅಡ್ಡ ಬಂದಳು. “ನೋಡ್ಲಿ ಬಿಡು ಅವ್ವಾ. ನೋಡಬೇಕು.”

ಆಷಾಢ ಅರ್ಧ ಕಳೆಯಿತು. ಒಂದು ಮಧ್ಯಾಹ್ನ ಮೋಡ ಕವಿದು ತಂಪಾಗಿತ್ತು. ಲಲಿತಾಬಾಯಿ ತನ್ನ ನಾದಿನಿಯ ಮದುವೆಯಲ್ಲಿ ಬೀಗರು ಹೋಳಿಗೆಗಾಗಿ ಹೊಡೆದಾಡಿದ ಕಥೆ ಹೇಳುತ್ತಿದ್ದಳು. ಚಾಂದಬೀ ನಗುತ್ತ ನಗುತ್ತ, ಮಾತಿನ ನಡುವೆಯೇ ಕೈ ಚಾಚಿ ವಿಮಲಾಳಿಂದ ಮಗಳನ್ನು ಇಸಕೊಂಡು, ಸೆರಗು ಸರಿಸಿ ಎದೆಗೆ ಹಾಕಿಕೊಂಡಳು. “ಆಮ್ಯಾಲೆ? ಆಮ್ಯಾಲೇನಾತು?” ಎಂದು ಕೇಳಿದಳು.

ವಿಮಲಾ ಕಾಯುತ್ತ ನಿಂತಿದ್ದಳು. ಚಾಂದಬೀ ರೆಪ್ಪೆ ಬಿಡಿಸಲಿಲ್ಲ, ಅಂಗಾಲು ಚಿವುಟಲಿಲ್ಲ. ನೂರಿ ತಾಯಿಯ ಧೂಳಿನ ಕೈಬೆರಳು ಹಿಡಿದು ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು.

ವಿಮಲಾ ಸದ್ದಿಲ್ಲದೆ ಫರಸಿಯ ಗುಡ್ಡೆಯ ಹಿಂದೆ ಹೋಗಿ, ಅಲ್ಲಿ ಕಲ್ಲಿಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಬಂದು, “ಲಗೂನ ಮುಗಸ್ರಿ ಅಕ್ಕಾರ, ಮಳಿ ಬರಾಕತ್ತದ. ಕೂಸು ತೊಯ್ಸಿದ್ರ ನಮ್ಮ ಅಜ್ಜಿ ನನ್ನ ಕೊಲ್ತಾಳ,” ಎಂದಳು.